ಐದು ಮಕ್ಕಳ ಶಾಲೆಯ ಟೀಚರ್: ಬೇಗಂ ರೊಕೆಯಾ



ಈ ಸಂಚಿಕೆಗೆ ಒಬ್ಬ ಶಿಕ್ಷಕರ ಬಗ್ಗೆ ಬರೆಯಬೇಕು ಎಂದಾಗ ನನಗೆ ಮೊದಲು ನೆನಪಾದವರು ಎಂಟನೇ ತರಗತಿಯಲ್ಲಿ ನನಗೆ ಕನ್ನಡ ಕಲಿಸಿದ ಟೀಚರ್. ಏಳನೇ ತರಗತಿಯವರೆಗೆ ನಾನು ಓದಿದ್ದು ಉರ್ದು ಮಾಧ್ಯಮದಲ್ಲಿ. ಮನೆಯಲ್ಲೂ ಉರ್ದುವೇ. ಕನ್ನಡ ಪುಸ್ತಕದಲ್ಲಿ ಒತ್ತಕ್ಷರ ಬಂದರೆ ಸಾಕು, ನನ್ನ ಓದು ಅಲ್ಲೇ ನಿಲ್ಲುತ್ತಿತ್ತು. ಆ ಟೀಚರ್ ಮಧ್ಯಾಹ್ನ ಊಟದ ಬಿಡುವಿನಲ್ಲಿ ದಿನಕ್ಕೆ ಹತ್ತು ನಿಮಿಷ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದರು. ನಾನು ತಪ್ಪು ಓದಿದಾಗ ಅವರು ನಗಲಿಲ್ಲ. ಬೇರೆಯವರು ನಗದಂತೆಯೂ ನೋಡಿಕೊಂಡರು. ಇವತ್ತು ನಾನು ಕನ್ನಡದಲ್ಲಿ ಈ ಲೇಖನ ಬರೆಯುತ್ತಿದ್ದೇನೆ ಎಂದರೆ ಅದು ಆ ಹತ್ತು ನಿಮಿಷಗಳ ಫಲ.

ಆದರೆ ಅವರ ಬಗ್ಗೆ ಬರೆದರೆ ಅವರಿಗೆ ಸಂಕೋಚವಾಗುತ್ತದೆ ಎಂದು ನನಗೆ ಗೊತ್ತು. ಹಾಗಾಗಿ ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಅವರಂತೆಯೇ ಮಕ್ಕಳ ಕಷ್ಟ ಅರಿತಿದ್ದ ಇನ್ನೊಬ್ಬ ಟೀಚರ್ ಜೀವನವನ್ನು ನಿಮ್ಮ ಮುಂದೆ ಇಡುತ್ತೇನೆ. ಅವರೇ ಬೇಗಂ ರೊಕೆಯಾ ಸಖಾವತ್ ಹುಸೇನ್. ಅವರು ತೀರಿಕೊಂಡು ತೊಂಬತ್ತು ವರ್ಷಗಳ ಮೇಲಾಗಿದೆ. ಅವರು ಕಟ್ಟಿದ ಶಾಲೆ ಮಾತ್ರ ಇವತ್ತಿಗೂ ಕೋಲ್ಕತ್ತದಲ್ಲಿ ನಡೆಯುತ್ತಿದೆ.

ರೊಕೆಯಾ ಹುಟ್ಟಿದ್ದು 1880ರಲ್ಲಿ, ರಂಗಪುರ ಜಿಲ್ಲೆಯ ಪೈರಾಬಂದ್ ಎಂಬ ಹಳ್ಳಿಯಲ್ಲಿ. ಆಗ ಅದು ಬ್ರಿಟಿಷರ ಕಾಲದ ಬಂಗಾಳ, ಈಗ ಬಾಂಗ್ಲಾದೇಶ. ತಂದೆ ದೊಡ್ಡ ಜಮೀನ್ದಾರರು, ಹಲವು ಭಾಷೆ ಬಲ್ಲವರು. ಗಂಡುಮಕ್ಕಳನ್ನು ಓದಲು ಕಲ್ಕತ್ತದ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಕಳಿಸಿದರು. ಹೆಣ್ಣುಮಕ್ಕಳಿಗೆ ಮಾತ್ರ ಕುರಾನ್ ಓದಲು ಬೇಕಾದಷ್ಟು ಅರಬ್ಬಿ, ಜೊತೆಗೆ ಸ್ವಲ್ಪ ಉರ್ದು ಸಾಕು ಎನ್ನುವುದು ಆಗಿನ ದೊಡ್ಡ ಮನೆತನಗಳ ರೂಢಿ. ಬಂಗಾಳಿ ಅವರ ನೆಲದ ಭಾಷೆ. ಆದರೂ ಮನೆತನದ ಹೆಣ್ಣುಮಕ್ಕಳು ಅದನ್ನು ಓದುವುದು ಗೌರವವಲ್ಲ ಎಂದು ತಿಳಿದಿದ್ದರು. ಇಂಗ್ಲಿಷ್ ಅಂತೂ ದೂರದ ಮಾತು.

ಪರದೆಯ ಕಟ್ಟುಪಾಡು ಎಷ್ಟು ಬಿಗಿಯಾಗಿತ್ತೆಂದರೆ, ಐದನೇ ವಯಸ್ಸಿನಿಂದಲೇ ರೊಕೆಯಾ ಹೊರಗಿನ ಹೆಂಗಸರ ಕಣ್ಣಿಗೂ ಬೀಳಬಾರದಿತ್ತು. ಗಂಡಸರಿಂದ ಮರೆಯಾಗುವುದು ಹಾಗಿರಲಿ, ಗುರುತಿಲ್ಲದ ಹೆಂಗಸು ಮನೆಗೆ ಬಂದರೂ ಆ ಪುಟ್ಟ ಹುಡುಗಿ ಓಡಿಹೋಗಿ ಅಟ್ಟದಲ್ಲೋ ಮಂಚದ ಕೆಳಗೋ ಅಡಗಿಕೊಳ್ಳಬೇಕಿತ್ತು. ಬಂದವರು ಹೋಗುವವರೆಗೆ ಹಸಿವಾದರೂ ಹೊರಗೆ ಬರುವಂತಿಲ್ಲ. ಇದನ್ನೆಲ್ಲ ಅವರು ಮುಂದೆ 'ಅವರೋಧವಾಸಿನಿ' ಎಂಬ ಪುಸ್ತಕದಲ್ಲಿ ಬರೆದಿದ್ದಾರೆ.

ಅವರ ಅಕ್ಕ ಕರೀಮುನ್ನೀಸಾ. ಅಂಗಳದ ಮಣ್ಣಿನ ಮೇಲೆ ಕಡ್ಡಿಯಿಂದ ಗೀಚಿ ಗೀಚಿ ಬಂಗಾಳಿ ಅಕ್ಷರ ಕಲಿತವರು. ವಿಷಯ ಹೊರಗೆ ಬಂದು ಬಂಧುಗಳು ಮಾತಾಡಲು ಶುರು ಮಾಡಿದಾಗ ಓದು ನಿಂತಿತು. ಹದಿನೈದು ತುಂಬುವ ಮೊದಲೇ ಮದುವೆಯೂ ಆಯಿತು. ಆದರೆ ಕರೀಮುನ್ನೀಸಾ ತಾವು ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ, ತಂಗಿಗೆ ಬಂಗಾಳಿ ಓದಿನ ರುಚಿ ಹತ್ತಿಸಿದರು. ದೊಡ್ಡಣ್ಣ ಇಬ್ರಾಹಿಂ ಸಾಬೇರ್ ಇಂಗ್ಲಿಷ್ ಮತ್ತು ಬಂಗಾಳಿ ಕಲಿಸಿದರು. ಹಗಲಿನಲ್ಲಿ ಅದು ಸಾಧ್ಯವಿರಲಿಲ್ಲ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅಣ್ಣ ತಂಗಿ ಮೇಣದ ಬತ್ತಿ ಹಚ್ಚಿಕೊಂಡು ಕೂರುತ್ತಿದ್ದರು. ಬೆಳಗಾದರೆ ಪುಸ್ತಕ ಬಚ್ಚಿಡಬೇಕು, ಏನೂ ಗೊತ್ತಿಲ್ಲದವರಂತೆ ಇರಬೇಕು.

ಈ ಭಾಗ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಲೈಟ್ ಹಾಕಿಕೊಂಡು ಓದಿದರೆ ಅಮ್ಮಿ ಚಹಾ ತಂದುಕೊಡುತ್ತಾರೆ. ಆ ಕಾಲದಲ್ಲಿ ಅದೇ ಓದು ಕಳ್ಳತನದಂತೆ ನಡೆಯಬೇಕಿತ್ತು. ರೊಕೆಯಾ ಯಾವ ಶಾಲೆಯಲ್ಲೂ ಸೇರಿ ಓದಿದವರಲ್ಲ. ಅವರ ಮೊದಲ ಗುರುಗಳು ಅಕ್ಕ ಮತ್ತು ಅಣ್ಣ. ಆ ಋಣವನ್ನು ಅವರು ಮರೆಯಲಿಲ್ಲ. 1924ರಲ್ಲಿ ಪ್ರಕಟವಾದ ತಮ್ಮ 'ಪದ್ಮರಾಗ್' ಕಾದಂಬರಿಯನ್ನು ಅಣ್ಣನಿಗೇ ಅರ್ಪಿಸಿದರು.

1898ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ಅವರ ಮದುವೆಯಾಯಿತು. ಗಂಡ ಸೈಯದ್ ಸಖಾವತ್ ಹುಸೇನ್ ಬಿಹಾರದ ಭಾಗಲ್ಪುರದವರು, ಉರ್ದು ಮಾತಾಡುವವರು, ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಮೊದಲ ಹೆಂಡತಿಯನ್ನು ಕಳೆದುಕೊಂಡಿದ್ದವರು, ವಯಸ್ಸಿನಲ್ಲಿ ರೊಕೆಯಾಗಿಂತ ಬಹಳ ದೊಡ್ಡವರು. ಆದರೆ ಹೆಂಗಸರು ಓದಬೇಕು ಎಂದು ಮನಸಾರೆ ನಂಬಿದ್ದರು. ಹೆಂಡತಿಗೆ ಇಂಗ್ಲಿಷ್ ಓದಲು, ಬಂಗಾಳಿಯಲ್ಲಿ ಬರೆಯಲು ಧೈರ್ಯ ಕೊಟ್ಟವರು ಅವರೇ. ಒಮ್ಮೆ ಅವರು ಕೆಲಸದ ಮೇಲೆ ಹೊರಗೆ ಹೋಗಿದ್ದಾಗ ರೊಕೆಯಾ ಹೊತ್ತು ಕಳೆಯಲು ಇಂಗ್ಲಿಷಿನಲ್ಲಿ ಒಂದು ಕಥೆ ಬರೆದರು. ಅದೇ 'ಸುಲ್ತಾನಾಳ ಕನಸು'. ಆ ಕಥೆಯ ದೇಶದಲ್ಲಿ ಗಂಡಸರು ಮನೆಯೊಳಗೆ ಇರುತ್ತಾರೆ, ಹೆಂಗಸರು ರಾಜ್ಯ ನಡೆಸುತ್ತಾರೆ, ಸೂರ್ಯನ ಶಾಖದಿಂದ ಅಡುಗೆ ಮಾಡುತ್ತಾರೆ, ಗಾಳಿಯಲ್ಲಿ ಹಾರುವ ಗಾಡಿಯಲ್ಲಿ ಓಡಾಡುತ್ತಾರೆ. ಮನೆಗೆ ಬಂದ ಗಂಡ ನಿಂತಲ್ಲೇ ಅದನ್ನು ಪೂರ್ತಿ ಓದಿ ಮೆಚ್ಚಿದರು. 1905ರಲ್ಲಿ ಅದು ಮದ್ರಾಸಿನ ಒಂದು ಇಂಗ್ಲಿಷ್ ಮಹಿಳಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೋಲಾರ್ ಒಲೆಯ ಹೆಸರೇ ನಮ್ಮ ಕಡೆ ಯಾರಿಗೂ ಗೊತ್ತಿಲ್ಲದ ಕಾಲದ ಮಾತು ಇದು.

ಆದರೆ ಅವರ ಸಂಸಾರದಲ್ಲಿ ಸುಖ ಹೆಚ್ಚು ದಿನ ಉಳಿಯಲಿಲ್ಲ. ಎರಡು ಹೆಣ್ಣುಮಕ್ಕಳು ಹುಟ್ಟಿದವು, ಎರಡೂ ಎಳೆಯ ಕೂಸುಗಳಾಗಿದ್ದಾಗಲೇ ತೀರಿಕೊಂಡವು. ಗಂಡನಿಗೆ ಸಕ್ಕರೆ ಕಾಯಿಲೆ ಜೋರಾಗಿ ಕಣ್ಣು ಹೋಯಿತು. ರೊಕೆಯಾ ಅವರ ಸೇವೆ ಮಾಡಿದರು. 1909ರ ಮೇ 3ರಂದು ಸಖಾವತ್ ಹುಸೇನ್ ತೀರಿಕೊಂಡರು. ಸಾಯುವ ಮೊದಲು ಅವರು ಹೆಣ್ಣುಮಕ್ಕಳ ಶಾಲೆಗೆಂದು ಹತ್ತು ಸಾವಿರ ರೂಪಾಯಿ ಬೇರೆಯಾಗಿ ತೆಗೆದಿಟ್ಟಿದ್ದರು.

ಮಕ್ಕಳಿಲ್ಲ, ಗಂಡ ಇಲ್ಲ, ವಯಸ್ಸು ಮೂವತ್ತೂ ಆಗಿಲ್ಲ. ಅಂಥ ಸ್ಥಿತಿಯಲ್ಲಿ ಯಾರಾದರೂ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದರೆ ತಪ್ಪು ಎನ್ನಲಾಗದು. ರೊಕೆಯಾ ಐದೇ ತಿಂಗಳಲ್ಲಿ ಭಾಗಲ್ಪುರದಲ್ಲಿ ಗಂಡನ ಹೆಸರಿನಲ್ಲಿ ಶಾಲೆ ತೆರೆದರು. ಬಂದವರು ಐದು ಹುಡುಗಿಯರು. ತಮ್ಮ ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟ ತಾಯಿ ಬೇರೆಯವರ ಐದು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಅಕ್ಷರ ಹೇಳಿಕೊಡಲು ಶುರು ಮಾಡಿದರು.

ಅಲ್ಲೂ ನೆಮ್ಮದಿ ಸಿಗಲಿಲ್ಲ. ಗಂಡನ ಮೊದಲ ಹೆಂಡತಿಯ ಮಗಳ ಕಡೆಯವರೊಂದಿಗೆ ಆಸ್ತಿಯ ತಕರಾರು ಎದ್ದಿತು. 1910ರಲ್ಲಿ ಆ ಶಾಲೆ ಮುಚ್ಚಿ, ಮನೆ ಬಿಟ್ಟು, ಕಲ್ಕತ್ತಕ್ಕೆ ಬಂದರು. 1911ರ ಮಾರ್ಚ್ 16ರಂದು ವಲಿಯುಲ್ಲಾ ಲೇನ್‌ನ 13ನೇ ನಂಬರಿನ ಬಾಡಿಗೆ ಮನೆಯಲ್ಲಿ ಸಖಾವತ್ ಮೆಮೋರಿಯಲ್ ಬಾಲಕಿಯರ ಶಾಲೆ ಮತ್ತೆ ಶುರುವಾಯಿತು. ಈ ಸಲ ಎಂಟು ಹುಡುಗಿಯರು.

ಶಾಲೆ ತೆರೆದದ್ದೇನೋ ಆಯಿತು, ಆದರೆ ತರಗತಿ ಹೇಗೆ ನಡೆಸುತ್ತಾರೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ. ತಾವು ಶಾಲೆಗೇ ಹೋಗದವರು ತಾನೇ! ಅದಕ್ಕೆ ಅವರು ನಾಚಿಕೆಪಡಲಿಲ್ಲ. ಕಲ್ಕತ್ತದ ಬೇರೆ ಹೆಣ್ಣುಮಕ್ಕಳ ಶಾಲೆಗಳಿಗೆ ಹೋಗಿ ಅಲ್ಲಿ ಹೇಗೆ ಪಾಠ ಮಾಡುತ್ತಾರೆ, ಹೇಗೆ ಶಾಲೆ ನಡೆಸುತ್ತಾರೆ ಎಂದು ನೋಡಿ ಕಲಿತರು. ಕಲಿಸುವವರು ಮೊದಲು ಕಲಿಯಬೇಕು ಎನ್ನುವುದನ್ನು ಅವರು ಮಾಡಿ ತೋರಿಸಿದರು.

ಇನ್ನೊಂದು ದೊಡ್ಡ ಕೆಲಸ ಮಕ್ಕಳನ್ನು ಕರೆತರುವುದು. ರೊಕೆಯಾ ಮನೆ ಮನೆಗೆ ಹೋಗಿ ತಂದೆ ತಾಯಿಯರ ಎದುರು ಕೂತು ಮಾತಾಡಿದರು. ವಿದ್ಯೆ ಗಂಡಿಗೂ ಹೆಣ್ಣಿಗೂ ಸಮಾನವಾದ ಕರ್ತವ್ಯ ಎಂದು ದೀನ್ ಹೇಳುತ್ತದೆ ಎನ್ನುವುದನ್ನು ನೆನಪಿಸಿದರು. ಬುರ್ಖಾ ಹಾಕಿಕೊಂಡೇ ಓಡಾಡಿದರು. ಮೈ ಮುಚ್ಚುವ ಮರ್ಯಾದೆಗೆ ಅವರ ವಿರೋಧ ಇರಲಿಲ್ಲ, ಬುರ್ಖಾದ ಬಗ್ಗೆಯೇ ಒಂದು ಲೇಖನ ಬರೆದಿದ್ದಾರೆ. ಅವರು ವಿರೋಧಿಸಿದ್ದು ಹುಡುಗಿಯರನ್ನು ನಾಲ್ಕು ಗೋಡೆಯೊಳಗೆ ಕೂಡಿಹಾಕಿ ಗಾಳಿ, ಬೆಳಕು, ವಿದ್ಯೆ ಮೂರನ್ನೂ ತಪ್ಪಿಸುವ ಪದ್ಧತಿಯನ್ನು.

ತಂದೆ ತಾಯಿಯರು ಮುಂದಿಟ್ಟ ಮೊದಲ ಪ್ರಶ್ನೆ ಪಾಠದ್ದಲ್ಲ. ಮಗಳು ಶಾಲೆಗೆ ಹೋಗುವುದು ಹೇಗೆ, ಬರುವುದು ಹೇಗೆ ಎನ್ನುವುದು. ರೊಕೆಯಾ ಅದಕ್ಕೆ ಬೇಸರಿಸಿಕೊಳ್ಳದೆ ಪರದೆ ಕಟ್ಟಿದ ಗಾಡಿಯ ವ್ಯವಸ್ಥೆ ಮಾಡಿದರು. ಮುಂದೆ ಮೋಟಾರ್ ಬಸ್ಸು ಬಂತು. ಆ ಬಸ್ಸಿನ ಕಥೆಯನ್ನು ಅವರೇ ಬರೆದಿಟ್ಟಿದ್ದಾರೆ. ಯಾರೂ ಮಾತಾಡಬಾರದು ಎಂದು ಬಸ್ಸನ್ನು ಎಲ್ಲ ಕಡೆಯಿಂದಲೂ ಮುಚ್ಚಿಸಿದರು. ಒಳಗೆ ಕತ್ತಲು, ಗಾಳಿ ಇಲ್ಲ. ಕೆಲವು ಮಕ್ಕಳಿಗೆ ವಾಂತಿಯಾಯಿತು, ಕೆಲವರು ತಲೆ ತಿರುಗಿ ಬಿದ್ದರು. ಮಕ್ಕಳ ಸಂಕಟ ನೋಡಲಾಗದೆ ಮುಚ್ಚಿದ್ದನ್ನು ತೆಗೆಸಿ ಪರದೆ ಬಟ್ಟೆ ಕಟ್ಟಿಸಿದರು. ಆಗ ಬೇರೆ ಕಾಗದಗಳು ಬಂದವು. ಗಾಳಿಗೆ ಪರದೆ ಹಾರುತ್ತದೆ, ಒಳಗಿನ ಹುಡುಗಿಯರು ಕಾಣುತ್ತಾರೆ, ಇದು ಸರಿಯಿಲ್ಲ ಎಂಬ ಆಕ್ಷೇಪ, ಜೊತೆಗೆ ಬೆದರಿಕೆ.

ಮುಚ್ಚಿದರೆ ಮಕ್ಕಳಿಗೆ ಉಸಿರುಗಟ್ಟುತ್ತದೆ, ತೆರೆದರೆ ಊರು ಬೈಯುತ್ತದೆ. ಅತ್ತ ದರಿ, ಇತ್ತ ಪುಲಿ. ಅವರಿಗೆ ತುಂಬ ನೋವಾಯಿತು, ಅದನ್ನು ಅವರು ಮುಚ್ಚಿಟ್ಟಿಲ್ಲ. ಆದರೆ ಶಾಲೆ ನಿಲ್ಲಿಸಲಿಲ್ಲ. ಬೈದವರ ಮನೆಯ ಹುಡುಗಿಯೂ ಶಾಲೆಗೆ ಬರಬೇಕಾದವಳೇ ಎಂದು ಅವರು ತಿಳಿದಿದ್ದರು. ದಯೆ ಎಂದರೆ ಮೆತ್ತಗೆ ಮಾತಾಡುವುದು ಎಂದು ನಾನು ಅಂದುಕೊಂಡಿದ್ದೆ. ರೊಕೆಯಾ ಅವರ ದಯೆ ಅಷ್ಟೇ ಅಲ್ಲ. ಎದುರಿನವರ ಭಯ ಏನು ಎಂದು ಕೇಳುವುದು, ನಗದೆ ಕೇಳುವುದು, ಆಮೇಲೆ ಆ ಭಯ ಕಡಿಮೆಯಾಗಲು ತಾವೇ ಏನಾದರೂ ಮಾಡುವುದು. ಅದು ಅವರ ದಯೆ.

ಭಾಷೆಯ ವಿಷಯದಲ್ಲೂ ಹಾಗೆಯೇ. ರೊಕೆಯಾ ಅವರಿಗೆ ಬಂಗಾಳಿ ಪ್ರಾಣ. ರಾತ್ರಿ ಮೇಣದ ಬತ್ತಿಯ ಬೆಳಕಿನಲ್ಲಿ ಸಂಪಾದಿಸಿದ ಭಾಷೆ ಅದು, ತಮ್ಮ ಹೆಚ್ಚಿನ ಪುಸ್ತಕಗಳನ್ನು ಬರೆದದ್ದೂ ಅದರಲ್ಲೇ. ಆದರೆ ಶಾಲೆಗೆ ಬರುತ್ತಿದ್ದ ಹೆಚ್ಚಿನ ಮಕ್ಕಳ ಮನೆಮಾತು ಉರ್ದು. ಆದ್ದರಿಂದ ಶಾಲೆಯನ್ನು ಉರ್ದುವಿನಲ್ಲಿ ನಡೆಸಿದರು. ಬಂಗಾಳಿ ವಿಭಾಗವನ್ನೂ ತೆರೆಯಲು ಪ್ರಯತ್ನಪಟ್ಟರು, ಸಾಕಷ್ಟು ಮಕ್ಕಳು ಸಿಗಲಿಲ್ಲ. ಮಗುವಿಗೆ ಅರ್ಥವಾಗುವ ಭಾಷೆಯಿಂದ ಶುರು ಮಾಡಿ, ಸುತ್ತಲಿನ ಜನರ ಭಾಷೆಯವರೆಗೆ ಕರೆದುಕೊಂಡು ಹೋಗಬೇಕು ಎನ್ನುವುದು ಅವರ ಆಸೆ. ಉರ್ದುವಿನಿಂದ ಕನ್ನಡಕ್ಕೆ ಬಂದ ನನಗೆ ಆ ಆಸೆಯ ಬೆಲೆ ಗೊತ್ತು.

ಶಾಲೆಯಲ್ಲಿ ಕುರಾನ್ ಓದು ಇತ್ತು, ಅರ್ಥ ತಿಳಿದು ಓದಬೇಕು ಎನ್ನುವುದು ಅವರ ಹಠ. ಇಂಗ್ಲಿಷ್, ಉರ್ದು, ಪರ್ಷಿಯನ್ ಇತ್ತು. ಹೊಲಿಗೆ, ಅಡುಗೆ, ರೋಗಿಗಳ ಆರೈಕೆ ಕಲಿಸುತ್ತಿದ್ದರು. ಹುಡುಗಿಯರಿಗೆ ವ್ಯಾಯಾಮವೂ ಇತ್ತು! ಮನೆಯೊಳಗೇ ಬೆಳೆದ ಮಕ್ಕಳ ಮೈಗೆ ಬಲ ಬೇಕು ಎಂದು ಅವರು ಯೋಚಿಸಿದ್ದರು. 1915ರ ಹೊತ್ತಿಗೆ ಎಂಟು ಮಕ್ಕಳ ಶಾಲೆಯಲ್ಲಿ 84 ಮಕ್ಕಳಾದರು. 1930ರಲ್ಲಿ ಅದು ಹೈಸ್ಕೂಲ್ ಆಯಿತು.

ಅವರ ಕರುಣೆ ಶಾಲೆಯ ಗೇಟಿನ ಒಳಗೆ ಮಾತ್ರ ಇರಲಿಲ್ಲ. 1916ರಲ್ಲಿ ಅಂಜುಮನ್-ಎ-ಖವಾತೀನ್-ಎ-ಇಸ್ಲಾಂ ಎಂಬ ಮಹಿಳೆಯರ ಸಂಘ ಕಟ್ಟಿದರು. ಬಡ ವಿಧವೆಯರಿಗೆ ಹಣದ ಸಹಾಯ, ಬಡ ಹುಡುಗಿಯರ ಮದುವೆಗೆ ನೆರವು, ದಿಕ್ಕಿಲ್ಲದ ಹೆಂಗಸರಿಗೆ ಆಸರೆ, ಇವೆಲ್ಲ ಆ ಸಂಘದ ಕೆಲಸ. ಸಂಘದ ಹೆಂಗಸರು ಕಲ್ಕತ್ತದ ಕೊಳೆಗೇರಿಗಳಿಗೆ ಹೋಗಿ ಅಲ್ಲಿನ ಹೆಂಗಸರಿಗೆ ಓದು ಬರಹ, ಮನೆಯ ಸ್ವಚ್ಛತೆ, ಮಕ್ಕಳ ಆರೈಕೆ ಹೇಳಿಕೊಟ್ಟರು. ಮೇಲೆ ಹೇಳಿದ 'ಪದ್ಮರಾಗ್' ಕಾದಂಬರಿಯಲ್ಲೂ ಇಂಥದೇ ಒಂದು ಮನೆ ಬರುತ್ತದೆ. ಅಲ್ಲಿ ಬೇರೆ ಬೇರೆ ಧರ್ಮದ ನೊಂದ ಹೆಂಗಸರು ಒಟ್ಟಿಗೆ ಬದುಕುತ್ತಾರೆ. ಶಾಲೆ ನಡೆಸುತ್ತಾರೆ, ರೋಗಿಗಳನ್ನು ನೋಡಿಕೊಳ್ಳುತ್ತಾರೆ, ದುಡಿದು ತಿನ್ನುತ್ತಾರೆ.

1932ರ ಡಿಸೆಂಬರ್ 8ರ ರಾತ್ರಿಯೂ ರೊಕೆಯಾ ಬರೆಯುತ್ತಲೇ ಇದ್ದರು. ಹೆಂಗಸರ ಹಕ್ಕಿನ ಬಗ್ಗೆ ಒಂದು ಲೇಖನ. ಡಿಸೆಂಬರ್ 9ರ ನಸುಕಿನಲ್ಲಿ ಅವರು ತೀರಿಕೊಂಡರು. ಅರ್ಧಕ್ಕೆ ನಿಂತ ಲೇಖನದ ಹಾಳೆ ಮೇಜಿನ ಮೇಲೆ ಪೇಪರ್ ವೇಟ್ ಅಡಿಯಲ್ಲಿ ಹಾಗೆಯೇ ಇತ್ತು. ಆಗ ಅವರಿಗೆ 52 ವರ್ಷ. ಕಲ್ಕತ್ತದ ಹತ್ತಿರದ ಸೋದೆಪುರದಲ್ಲಿ ಅವರನ್ನು ದಫನ್ ಮಾಡಿದರು. ಇವತ್ತು ಬಾಂಗ್ಲಾದೇಶದಲ್ಲಿ ಡಿಸೆಂಬರ್ 9ನ್ನು ರೊಕೆಯಾ ದಿನ ಎಂದು ಆಚರಿಸುತ್ತಾರೆ.

ನಾನು ಕಾಮರ್ಸ್ ವಿದ್ಯಾರ್ಥಿನಿ. ನಮ್ಮ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಎಂಬ ಪಾಠ ಇದೆ. ಕಣ್ಣಿಗೆ ಕಾಣದ, ಕೈಗೆ ಸಿಗದ ಆಸ್ತಿ ಅದು. ವರ್ಷಗಟ್ಟಲೆ ಒಳ್ಳೆಯ ವ್ಯವಹಾರ ಮಾಡಿದವರಿಗೆ ಮಾತ್ರ ಸೇರುತ್ತದೆ. ರೊಕೆಯಾ ಅವರ ಶಾಲೆಯ ಲೆಕ್ಕ ಬರೆದರೆ ಬಂಡವಾಳದ ಕಡೆ ಹತ್ತು ಸಾವಿರ ರೂಪಾಯಿ ಎಂದು ಬರೆಯಬಹುದು. ಆದರೆ ಬಾಡಿಗೆ ಮನೆಯ ಶಾಲೆಯನ್ನು ಇಪ್ಪತ್ತೊಂದು ವರ್ಷ ಉಳಿಸಿದ್ದು ಆ ಹಣ ಒಂದೇ ಅಲ್ಲ. ತಮ್ಮ ಮಗಳನ್ನು ಈ ಟೀಚರ್ ಕೈಗೆ ಒಪ್ಪಿಸಬಹುದು ಎಂದು ತಂದೆ ತಾಯಿಯರು ಒಬ್ಬೊಬ್ಬರಾಗಿ ನಂಬಿದರಲ್ಲ, ಆ ನಂಬಿಕೆ.

ಕೊನೆಗೆ ಒಂದು ಮಾತು ಹೇಳದಿದ್ದರೆ ಈ ಲೇಖನ ಪೂರ್ತಿಯಾಗುವುದಿಲ್ಲ. ಹತ್ತನೇ ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಈಗ ಮನೆಯಲ್ಲಿದ್ದಾಳೆ. ಲೆಕ್ಕದಲ್ಲಿ ನನಗಿಂತ ಜಾಣೆ. ಫೇಲ್ ಆಗಿ ಬಿಟ್ಟವಳಲ್ಲ. ಅವರ ಊರಿಗೆ ಸಂಜೆಯ ಬಸ್ಸು ತಡ, ಇಳಿದ ಮೇಲೆ ಕತ್ತಲಲ್ಲಿ ನಡೆಯಬೇಕು, ಅದಕ್ಕೆ ಅವಳ ಅಬ್ಬಾ ಬೇಡ ಎಂದರು. ಇಷ್ಟು ದಿನ ನಾನು ಅವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಒಂದು ದಿನವೂ ಅವರ ಎದುರು ಕೂತು ಕೇಳಿರಲಿಲ್ಲ.

ರೊಕೆಯಾ ಅವರ ಬಗ್ಗೆ ಓದಿದ ಮೇಲೆ ಕಳೆದ ಭಾನುವಾರ ಅಮ್ಮಿಯನ್ನು ಕರೆದುಕೊಂಡು ಅವರ ಮನೆಗೆ ಹೋಗಿದ್ದೆ. ಅವಳ ಅಬ್ಬಾ ಬೈಯಲಿಲ್ಲ, ಚಹಾ ಕೊಟ್ಟರು. ಬಸ್ ಸ್ಟಾಪಿನಿಂದ ಮನೆಯವರೆಗಿನ ದಾರಿಯಲ್ಲಿ ದೀಪ ಇಲ್ಲ ಎಂದರು. ಆ ದಾರಿಯಲ್ಲಿ ನಾವೂ ನಡೆದು ನೋಡಿದೆವು, ಅವರು ಹೇಳಿದ್ದು ನಿಜ. ಅದೇ ಊರಿನಿಂದ ನಮ್ಮ ಕಾಲೇಜಿಗೆ ಇಬ್ಬರು ಹುಡುಗಿಯರು ಬರುತ್ತಾರೆ, ಮೂವರೂ ಒಟ್ಟಿಗೆ ಬರಬಹುದು, ಒಬ್ಬಳ ಅಣ್ಣ ದಿನಾ ಬಸ್ ಸ್ಟಾಪಿಗೆ ಬಂದು ಕರೆದುಕೊಂಡು ಹೋಗುತ್ತಾನೆ ಎಂದು ಹೇಳಿದೆವು. ಅವರು ಇನ್ನೂ ಹೂಂ ಅಂದಿಲ್ಲ. ನೋಡೋಣ ಅಂದಿದ್ದಾರೆ. ಮುಂದಿನ ಭಾನುವಾರ ಮತ್ತೆ ಹೋಗುತ್ತೇವೆ. ನಮ್ಮ ಉಪನ್ಯಾಸಕರಲ್ಲಿ ಯಾರಾದರೂ ಜೊತೆಗೆ ಬಂದರೆ ಅವರಿಗೆ ಇನ್ನಷ್ಟು ಧೈರ್ಯ ಬರಬಹುದು ಎಂದು ಈ ಮೂಲಕ ಕೇಳಿಕೊಳ್ಳುತ್ತೇನೆ.

ಸ್ನೇಹಿತರೇ, ನಿಮ್ಮ ಪಕ್ಕದಲ್ಲೂ ಹಿಂದೆ ಕೂರುತ್ತಿದ್ದು ಈಗ ಇಲ್ಲದ ಒಬ್ಬರು ಇರಬಹುದು. ಅವರು ಯಾಕೆ ಬರುತ್ತಿಲ್ಲ ಎಂದು ಒಮ್ಮೆ ಹೋಗಿ ಕೇಳಿ. ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ ಎನ್ನುವ ಮಾತನ್ನು ನಾವು ಗೋಡೆಯ ಮೇಲೆ ಓದುತ್ತಲೇ ಇರುತ್ತೇವೆ. ರೊಕೆಯಾ ಅವರ ಜೀವನದಲ್ಲಿ ಅದು ಅಕ್ಷರಶಃ ನಿಜವಾಯಿತು. ರಾತ್ರಿ ಕದ್ದು ಕಲಿತ ಒಬ್ಬ ಹುಡುಗಿಯಿಂದ ಒಂದು ಶಾಲೆ ತೆರೆಯಿತು. ಅದರ ಬಾಗಿಲು ಇನ್ನೂ ಮುಚ್ಚಿಲ್ಲ.